ಎರಡನೆಯ ಮೆನೆಲಿಕ್

ಎರಡನೆಯ ಮೆನೆಲಿಕ್ (17 ಆಗಸ್ಟ್ 1844 – 12 ಡಿಸೆಂಬರ್ 1913) 1889ರಿಂದ 1913ರವರೆಗೆ ಇಥಿಯೋಪಿಯವನ್ನು ಆಳಿದ ಚಕ್ರವರ್ತಿ. ಅದಕ್ಕೂ ಮೊದಲು ಅವನು ಇಥಿಯೋಪಿಯದ ಶೋವಾ ಪ್ರಾಂತ್ಯದ ಅರಸನಾಗಿದ್ದನು. ಅವನ ಮೊದಲ ಹೆಸರು ಸಾಹ್ಲೆ ಮಾರ್ಯಾಮ್. ಯುರೋಪಿನ ರಾಷ್ಟ್ರಗಳು ಆಫ್ರಿಕ ಖಂಡವನ್ನು ತಮ್ಮೊಳಗೆ ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ ತನ್ನ ದೇಶದ ಸ್ವಾತಂತ್ರ್ಯವನ್ನು ಉಳಿಸಿಕೊಂಡ ಅರಸನೆಂದು ಇತಿಹಾಸದಲ್ಲಿ ಇವನಿಗೆ ವಿಶೇಷ ಸ್ಥಾನವಿದೆ. 1889ರಲ್ಲಿ ಇಟಲಿಯೊಂದಿಗೆ ಮಾಡಿಕೊಂಡ ವುಚಾಲೆ ಒಪ್ಪಂದದ ಒಂದು ವಿಧಿಯ ಅರ್ಥದ ಬಗ್ಗೆ ಎದ್ದ ವಿವಾದವು ಯುದ್ಧಕ್ಕೆ ತಿರುಗಿತು. 1896ರ ಮಾರ್ಚ್ 1ರಂದು ನಡೆದ ಅದ್ವಾ ಕದನದಲ್ಲಿ ಮೆನೆಲಿಕನ ಸೈನ್ಯವು ಇಟಲಿಯ ಸೈನ್ಯವನ್ನು ಸೋಲಿಸಿತು. ಇಥಿಯೋಪಿಯದ ಇಂದಿನ ಗಡಿಗಳ ಬಹುಭಾಗವು ಮೆನೆಲಿಕ್ 1897ರಿಂದ 1908ರವರೆಗೆ ಸಹಿ ಮಾಡಿದ ಒಪ್ಪಂದಗಳಿಂದ ರೂಪುಗೊಂಡಿದೆ.

ಜನನ ಮತ್ತು ಬಾಲ್ಯ

ಸಾಹ್ಲೆ ಮಾರ್ಯಾಮ್ ಶೋವಾ ಪ್ರಾಂತ್ಯದ ಅಂಗೊಲಲ್ಲಾ ಎಂಬಲ್ಲಿ ಜನಿಸಿದನು. ತಂದೆ ಹೈಲೆ ಮೆಲೆಕೊತ್ ಶೋವಾದ ಅರಸ. ತಾಯಿ ಎಜಿಗಾಯೆಹು ಅರಮನೆಯ ಪರಿವಾರದಲ್ಲಿದ್ದ ಸಾಮಾನ್ಯ ಕುಲದ ಹೆಣ್ಣು. ಬೈಬಲಿನ ಸೊಲೊಮನ್ ರಾಜ ಮತ್ತು ಶೀಬಾದ ರಾಣಿಯ ಮಗನಾದ ಮೊದಲನೆಯ ಮೆನೆಲಿಕನಿಂದ ತಮ್ಮ ವಂಶ ಬೆಳೆಯಿತೆಂಬುದು ಇಥಿಯೋಪಿಯದ ರಾಜರ ನಂಬಿಕೆ. ಸಾಹ್ಲೆ ಮಾರ್ಯಾಮ್ ಪಟ್ಟಕ್ಕೆ ಬಂದಾಗ ಆ ಪರಂಪರೆಯನ್ನು ನೆನಪಿಸುವ ಹೆಸರನ್ನೇ ಇಟ್ಟುಕೊಂಡನು.

1855ರಲ್ಲಿ ಚಕ್ರವರ್ತಿ ಎರಡನೆಯ ತೆವೊದ್ರೋಸ್ ಶೋವಾದ ಮೇಲೆ ದಂಡೆತ್ತಿ ಬಂದನು. ಆ ಸಂದರ್ಭದಲ್ಲಿಯೇ ಹೈಲೆ ಮೆಲೆಕೊತ್ ತೀರಿಕೊಂಡನು. ಹನ್ನೊಂದು ವರ್ಷದ ರಾಜಕುಮಾರನನ್ನು ತೆವೊದ್ರೋಸ್ ಸೆರೆಹಿಡಿದು ಮಗ್ದಲಾ ಎಂಬ ಬೆಟ್ಟದ ಕೋಟೆಗೆ ಕರೆದೊಯ್ದನು. ಅಲ್ಲಿ ಅವನು ಸುಮಾರು ಹತ್ತು ವರ್ಷ ಇರಬೇಕಾಯಿತು. ಸೆರೆಯಾಳಾದರೂ ಅವನನ್ನು ತೆವೊದ್ರೋಸ್ ಮಗನಂತೆ ನೋಡಿಕೊಂಡು, ಶಿಕ್ಷಣ ಕೊಡಿಸಿ, ತನ್ನ ಮಗಳನ್ನೇ ಕೊಟ್ಟು ಮದುವೆ ಮಾಡಿದನು. ಛಿದ್ರವಾಗಿದ್ದ ಪ್ರಾಂತ್ಯಗಳನ್ನು ಒಂದುಗೂಡಿಸುವುದು, ಸೈನ್ಯಕ್ಕೆ ಬಂದೂಕು ಮತ್ತು ಫಿರಂಗಿಗಳನ್ನು ಒದಗಿಸುವುದು ಮುಂತಾದ ತೆವೊದ್ರೋಸನ ಹಂಬಲಗಳನ್ನು ಬಾಲಕ ಹತ್ತಿರದಿಂದ ಕಂಡನು. ಯುರೋಪಿನ ರಾಷ್ಟ್ರವೊಂದರೊಡನೆ ಸಂಬಂಧ ಕೆಟ್ಟಾಗ ಏನಾಗುತ್ತದೆ ಎಂಬುದೂ ಮುಂದೆ ಅವನ ಕಣ್ಣೆದುರಿಗೇ ನಡೆಯಿತು.

1865ರಲ್ಲಿ ಸಾಹ್ಲೆ ಮಾರ್ಯಾಮ್ ಮಗ್ದಲಾದಿಂದ ತಪ್ಪಿಸಿಕೊಂಡನು. ವೊಲ್ಲೊ ಪ್ರದೇಶದ ರಾಣಿ ವೊರ್ಕಿತು ಅವನಿಗೆ ಆಶ್ರಯ ನೀಡಿದಳು. ಅಲ್ಲಿಂದ ಶೋವಾಕ್ಕೆ ಮರಳಿದ ಅವನನ್ನು ಜನರು ಸ್ವಾಗತಿಸಿದರು. ತೆವೊದ್ರೋಸನಿಂದ ನೇಮಕಗೊಂಡು ಆಮೇಲೆ ಸ್ವತಂತ್ರನಾಗಿದ್ದ ಬೆಜಾಬೆಹ್ ಎಂಬ ಅಧಿಪತಿಯನ್ನು ಸೋಲಿಸಿ ಅವನು ತಂದೆಯ ಸಿಂಹಾಸನವನ್ನೇರಿದನು.

ಶೋವಾದ ಅರಸನಾಗಿ

1868ರಲ್ಲಿ ಬ್ರಿಟಿಷರು ತಮ್ಮ ಪ್ರಜೆಗಳನ್ನು ಬಿಡಿಸಿಕೊಳ್ಳಲು ರಾಬರ್ಟ್ ನೇಪಿಯರನ ನೇತೃತ್ವದಲ್ಲಿ ಮಗ್ದಲಾದ ಮೇಲೆ ದಂಡಯಾತ್ರೆ ನಡೆಸಿದರು. ಬೊಂಬಾಯಿಯಿಂದ ಹೊರಟ ಈ ಸೈನ್ಯದಲ್ಲಿ ಭಾರತೀಯ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳೂ ಅದರಲ್ಲಿ ಸೇರಿದ್ದವು. ಸೋಲು ಖಚಿತವಾದಾಗ ತೆವೊದ್ರೋಸ್ ಆತ್ಮಹತ್ಯೆ ಮಾಡಿಕೊಂಡನು. ಬ್ರಿಟಿಷರು ನೆಲವನ್ನು ಉಳಿಸಿಕೊಳ್ಳದೆ ಹಿಂದಿರುಗಿದರು. ಮುಂದೆ ತಿಗ್ರಾಯ್ ಪ್ರಾಂತ್ಯದ ನಾಲ್ಕನೆಯ ಯೊಹಾನ್ನಿಸ್ 1872ರಲ್ಲಿ ಚಕ್ರವರ್ತಿಯಾದನು.

ಮೆನೆಲಿಕನಿಗೂ ಚಕ್ರವರ್ತಿಯಾಗುವ ಆಸೆಯಿತ್ತು. ಆದರೆ ಯೊಹಾನ್ನಿಸನ ಸೈನ್ಯ ಹೆಚ್ಚು ಬಲಿಷ್ಠವಾಗಿತ್ತು. 1878ರಲ್ಲಿ ಅವರಿಬ್ಬರಿಗೂ ರಾಜಿಯಾಯಿತು. ಅದರಂತೆ ಮೆನೆಲಿಕ್ ಸಾಮ್ರಾಟನ ಪದವಿಯ ಹಕ್ಕನ್ನು ಬಿಟ್ಟುಕೊಟ್ಟು, ಕಪ್ಪ ಸಲ್ಲಿಸಲು ಒಪ್ಪಿದನು. ಯೊಹಾನ್ನಿಸ್ ಅವನನ್ನು ಶೋವಾದ ಅರಸನೆಂದು ಮನ್ನಿಸಿದನು. ಉತ್ತರದ ಕಡೆ ದಾರಿ ಮುಚ್ಚಿದ್ದರಿಂದ ಮೆನೆಲಿಕ್ ದಕ್ಷಿಣ, ಪಶ್ಚಿಮ ಮತ್ತು ಪೂರ್ವದ ಕಡೆಗೆ ತಿರುಗಿದನು. 1882ರ ಎಂಬಾಬೊ ಕದನದಲ್ಲಿ ಗೊಜ್ಜಾಮಿನ ಅರಸ ತೆಕ್ಲೆ ಹೈಮಾನೊತನನ್ನು ಸೋಲಿಸಿದನು. 1887ರಲ್ಲಿ ಪೂರ್ವದ ವಾಣಿಜ್ಯ ನಗರವಾದ ಹರಾರ್ ಅವನ ವಶವಾಯಿತು. ಕಾಫಿ, ದಂತ, ಚಿನ್ನ ಮುಂತಾದ ಸರಕುಗಳ ವ್ಯಾಪಾರದಿಂದ ಬಂದ ವರಮಾನವನ್ನು ಅವನು ಬಂದೂಕು ಕೊಳ್ಳಲು ಬಳಸಿದನು.

1883ರಲ್ಲಿ ಮೆನೆಲಿಕ್ ಉತ್ತರದ ಶ್ರೀಮಂತ ಮನೆತನದ ತಯ್ತು ಬೆತುಲಳನ್ನು ವರಿಸಿದನು. ಓದುಬರಹ ಬಲ್ಲ, ರಾಜಕೀಯದಲ್ಲಿ ನುರಿತ ತಯ್ತು ಅವನ ಆಳ್ವಿಕೆಯ ಮುಖ್ಯ ನಿರ್ಣಯಗಳಲ್ಲಿ ಪಾಲ್ಗೊಂಡಳು. 1886ರಲ್ಲಿ ಎಂತೊತೊ ಬೆಟ್ಟದ ಕೆಳಗಿನ ಬಿಸಿನೀರಿನ ಬುಗ್ಗೆಗಳ ಬಳಿ ಹೊಸ ನಗರವೊಂದು ಹುಟ್ಟಿತು. ಹೊಸ ಹೂವು ಎಂಬ ಅರ್ಥದ ಅಡಿಸ್ ಅಬಾಬಾ ಎಂಬ ಹೆಸರನ್ನು ಅದಕ್ಕೆ ತಯ್ತು ಕೊಟ್ಟಳು. ಮುಂದೆ ಅದೇ ರಾಜಧಾನಿಯಾಯಿತು.

ಇಟಲಿಯ ಆಗಮನ

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದ ಕರಾವಳಿಗೆ ಹೊಸ ಬೆಲೆ ಬಂದಿತು. ಅದೇ ವರ್ಷ ಇಟಲಿಯ ಹಡಗು ಕಂಪನಿಯೊಂದು ಅಸ್ಸಾಬ್ ಬಂದರನ್ನು ಕೊಂಡುಕೊಂಡಿತು. 1882ರಲ್ಲಿ ಇಟಲಿ ಸರ್ಕಾರವೇ ಅದನ್ನು ವಹಿಸಿಕೊಂಡಿತು. 1884ರಲ್ಲಿ ಬ್ರಿಟನ್ ಮತ್ತು ಈಜಿಪ್ಟ್ ದೇಶಗಳು ಯೊಹಾನ್ನಿಸನೊಂದಿಗೆ ಒಪ್ಪಂದ ಮಾಡಿಕೊಂಡು, ಮಸ್ಸಾವ ಬಂದರಿನ ಮೂಲಕ ಇಥಿಯೋಪಿಯದ ಸರಕುಗಳಿಗೆ ಮುಕ್ತ ಸಂಚಾರದ ಭರವಸೆ ಕೊಟ್ಟವು. ಆದರೆ 1885ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸಮ್ಮತಿಯಿಂದಲೇ ಇಟಲಿ ಮಸ್ಸಾವವನ್ನು ಆಕ್ರಮಿಸಿತು. ಒಪ್ಪಂದವಾಗಿ ಒಂದು ವರ್ಷವೂ ಕಳೆದಿರಲಿಲ್ಲ.

ಇಟಲಿಯ ಪಡೆಗಳು ಕರಾವಳಿಯಿಂದ ಒಳನಾಡಿಗೆ ಸರಿಯತೊಡಗಿದಾಗ ಯೊಹಾನ್ನಿಸನ ಸೇನಾನಿ ರಾಸ್ ಅಲುಲಾ 1887ರ ಜನವರಿಯಲ್ಲಿ ದೊಗಾಲಿ ಎಂಬಲ್ಲಿ ಸುಮಾರು 500 ಜನರ ಇಟಾಲಿಯನ್ ತುಕಡಿಯನ್ನು ನಾಶಮಾಡಿದನು. ಇಟಲಿಯು ಯೊಹಾನ್ನಿಸನ ವಿರುದ್ಧ ಮೆನೆಲಿಕನನ್ನು ಬಳಸಿಕೊಳ್ಳಲು ಬಯಸಿತು. ಮೆನೆಲಿಕನಿಗೆ ಬಂದೂಕುಗಳು ಬೇಕಾಗಿದ್ದವು. ತಟಸ್ಥನಾಗಿರುವುದಾಗಿ ಹೇಳಿ ಅವನು ಇಟಲಿಯಿಂದ ಶಸ್ತ್ರಾಸ್ತ್ರಗಳನ್ನು ಪಡೆದನು. ಹೀಗೆ ಇಟಲಿಯ ಪ್ರತಿನಿಧಿ ಕೌಂಟ್ ಪಿಯೆತ್ರೊ ಅಂತೊನೆಲ್ಲಿ ಅವನ ಆಸ್ಥಾನದಲ್ಲಿ ಪ್ರಭಾವಶಾಲಿಯಾದನು.

1889ರ ಮಾರ್ಚ್ ತಿಂಗಳಲ್ಲಿ ಸೂಡಾನಿನ ಮಹದಿ ಪಡೆಗಳೊಡನೆ ಮೆತೆಮ್ಮಾ ಎಂಬಲ್ಲಿ ನಡೆದ ಯುದ್ಧದಲ್ಲಿ ಯೊಹಾನ್ನಿಸ್ ಮಡಿದನು. ಸಾಯುವ ಮುನ್ನ ಅವನು ಮೆಂಗೆಶಾನನ್ನು ಉತ್ತರಾಧಿಕಾರಿಯೆಂದು ಸೂಚಿಸಿದ್ದನು. ಆದರೆ ಮೆನೆಲಿಕ್ ತಾನೇ ಚಕ್ರವರ್ತಿಯೆಂದು ಘೋಷಿಸಿಕೊಂಡನು. ಅದೇ ವರ್ಷದ ನವೆಂಬರ್ 3ರಂದು ಎಂತೊತೊದ ಚರ್ಚಿನಲ್ಲಿ ಅವನ ಪಟ್ಟಾಭಿಷೇಕ ನಡೆಯಿತು.

ವುಚಾಲೆ ಒಪ್ಪಂದ

ಹಕ್ಕುದಾರರಿಂದ ಪ್ರತಿರೋಧವಿದ್ದ ಸಮಯದಲ್ಲಿ ಮೆನೆಲಿಕನಿಗೆ ಹೊರಗಿನ ಮನ್ನಣೆಯ ಅಗತ್ಯವಿತ್ತು. 1889ರ ಮೇ 2ರಂದು ವೊಲ್ಲೊ ಪ್ರದೇಶದ ವುಚಾಲೆ ಎಂಬಲ್ಲಿದ್ದ ಶಿಬಿರದಲ್ಲಿ ಅವನೂ ಅಂತೊನೆಲ್ಲಿಯೂ ಮೈತ್ರಿ ಮತ್ತು ವಾಣಿಜ್ಯದ ಒಪ್ಪಂದಕ್ಕೆ ಸಹಿ ಹಾಕಿದರು. ಅದರಲ್ಲಿ 20 ವಿಧಿಗಳಿದ್ದವು. ಇಟಲಿಯು ಮೆನೆಲಿಕನನ್ನು ಚಕ್ರವರ್ತಿಯೆಂದು ಮನ್ನಿಸಿತು ಮತ್ತು ತನ್ನ ವಶದಲ್ಲಿದ್ದ ಬಂದರಿನ ಮೂಲಕ ಶಸ್ತ್ರಾಸ್ತ್ರ ತರಿಸಿಕೊಳ್ಳಲು ಅವಕಾಶ ನೀಡಿತು. ಬದಲಿಗೆ ಅಸ್ಮರಾ ಸೇರಿದಂತೆ ಉತ್ತರದ ಎತ್ತರದ ನಾಡಿನ ಒಂದು ಭಾಗದ ಮೇಲೆ ಇಟಲಿಯ ಅಧಿಕಾರವನ್ನು ಮೆನೆಲಿಕ್ ಒಪ್ಪಿಕೊಂಡನು. ಇದರಿಂದ ಇಥಿಯೋಪಿಯ ಮತ್ತು ಮುಂದಿನ ಎರಿಟ್ರಿಯಗಳ ನಡುವಣ ಗಡಿಗೆ ಮೊದಲ ರೇಖೆ ಬಿದ್ದಿತು.

ಒಪ್ಪಂದವನ್ನು ಅಂಹಾರಿಕ್ ಮತ್ತು ಇಟಾಲಿಯನ್ ಭಾಷೆಗಳಲ್ಲಿ ಬರೆಯಲಾಗಿತ್ತು. ಎರಡೂ ಪಾಠಗಳು ಒಂದಕ್ಕೊಂದು ಸಂಪೂರ್ಣವಾಗಿ ಹೊಂದುತ್ತವೆ, ಎರಡೂ ಸಮಾನವಾಗಿ ಅಧಿಕೃತ ಎಂದು 19ನೆಯ ವಿಧಿ ಹೇಳುತ್ತಿತ್ತು. ಆದರೆ 17ನೆಯ ವಿಧಿಯಲ್ಲಿ ಅವು ಹೊಂದುತ್ತಿರಲಿಲ್ಲ. ಅಂಹಾರಿಕ್ ಪಾಠದ ಪ್ರಕಾರ, ಇತರ ರಾಷ್ಟ್ರಗಳೊಂದಿಗೆ ವ್ಯವಹರಿಸುವಾಗ ಇಥಿಯೋಪಿಯದ ಚಕ್ರವರ್ತಿಯು ಇಚ್ಛಿಸಿದರೆ ಇಟಲಿ ಸರ್ಕಾರದ ನೆರವು ಪಡೆಯಬಹುದಾಗಿತ್ತು. ಇಟಾಲಿಯನ್ ಪಾಠದ ಪ್ರಕಾರ, ಅಂಥ ಎಲ್ಲ ವ್ಯವಹಾರಗಳನ್ನೂ ಇಟಲಿ ಸರ್ಕಾರದ ಮೂಲಕ ನಡೆಸಲು ಅವನು ಸಮ್ಮತಿಸಿದ್ದನು. ಮೊದಲನೆಯದು ಒಂದು ಸೌಲಭ್ಯ, ಎರಡನೆಯದು ಒಂದು ಕಟ್ಟುಪಾಡು. ಸ್ವಂತವಾಗಿ ವಿದೇಶಾಂಗ ವ್ಯವಹಾರ ನಡೆಸಲಾರದ ದೇಶವನ್ನು ಅಂದಿನ ಅಂತರರಾಷ್ಟ್ರೀಯ ರೂಢಿಯು ಸಂರಕ್ಷಿತ ರಾಜ್ಯವೆಂದು ಪರಿಗಣಿಸುತ್ತಿತ್ತು. ಆದ್ದರಿಂದ ಒಂದು ಕ್ರಿಯಾಪದದ ಮೇಲೆ ದೇಶದ ಸ್ವಾತಂತ್ರ್ಯವೇ ನಿಂತಿತ್ತು. ಈ ವ್ಯತ್ಯಾಸವು ಅಂತೊನೆಲ್ಲಿಯ ಉದ್ದೇಶಪೂರ್ವಕ ವಂಚನೆಯೋ ಭಾಷಾಂತರದ ಅಜಾಗರೂಕತೆಯೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಅದೇ ವರ್ಷ ಮೆನೆಲಿಕನ ಸಂಬಂಧಿಯೂ ಹರಾರಿನ ಅಧಿಪತಿಯೂ ಆದ ರಾಸ್ ಮಕೊನ್ನೆನ್ ಇಟಲಿಗೆ ಹೋದನು. ಅಕ್ಟೋಬರ್ 1ರಂದು ಅಲ್ಲಿ ಪೂರಕ ಒಪ್ಪಂದವೊಂದಕ್ಕೆ ಸಹಿಯಾಯಿತು. ಅದರಂತೆ ಇಥಿಯೋಪಿಯಕ್ಕೆ 40 ಲಕ್ಷ ಲೀರಾ ಸಾಲ ದೊರೆಯಿತು. ಗಡಿಯನ್ನು ವಾಸ್ತವ ಸ್ವಾಧೀನದ ಆಧಾರದ ಮೇಲೆ ನಿರ್ಧರಿಸಬೇಕೆಂಬ ಮಾತೂ ಅದರಲ್ಲಿ ಸೇರಿತ್ತು. ಇದರ ಲಾಭ ಪಡೆದ ಇಟಲಿಯ ಪಡೆಗಳು ವುಚಾಲೆಯಲ್ಲಿ ಒಪ್ಪಿದ ರೇಖೆಯನ್ನು ಮೀರಿ ಮುಂದೆ ಸಾಗಿದವು.

17ನೆಯ ವಿಧಿಯ ವಿವಾದ

1889ರ ಅಕ್ಟೋಬರ್ 11ರಂದು ಇಟಲಿಯು ಬರ್ಲಿನ್ ಸಮ್ಮೇಳನದ 1885ರ ಸಾಮಾನ್ಯ ಕಾಯಿದೆಯ 34ನೆಯ ವಿಧಿಯಂತೆ ಇತರ ರಾಷ್ಟ್ರಗಳಿಗೆ ವುಚಾಲೆಯ 17ನೆಯ ವಿಧಿಯನ್ನು ತಿಳಿಯಪಡಿಸಿತು. ಇಥಿಯೋಪಿಯ ಇಟಲಿಯ ಸಂರಕ್ಷಿತ ರಾಜ್ಯವೆಂಬುದು ಇದರ ಸಾರಾಂಶ. ಬ್ರಿಟನ್ ಮತ್ತು ಜರ್ಮನಿ ಇದನ್ನು ಆಕ್ಷೇಪಿಸಲಿಲ್ಲ. ರಷ್ಯ ಒಪ್ಪಲಿಲ್ಲ. ಯುರೋಪಿನಲ್ಲಿ ಮುದ್ರಿತವಾದ ಭೂಪಟಗಳಲ್ಲಿ ಇಥಿಯೋಪಿಯವು ಇಟಲಿಯ ಅಬಿಸೀನಿಯ ಎಂದು ಕಾಣಿಸಿಕೊಂಡಿತು. 1890ರ ಜನವರಿ 1ರಂದು ಇಟಲಿ ಕರಾವಳಿಯ ತನ್ನ ನೆಲೆಗಳನ್ನು ಒಂದುಗೂಡಿಸಿ ಎರಿಟ್ರಿಯ ಎಂಬ ವಸಾಹತನ್ನು ಸ್ಥಾಪಿಸಿತು.

ಮೆನೆಲಿಕನಿಗೆ ವಿಷಯ ತಿಳಿದುದು ಪತ್ರವ್ಯವಹಾರದಿಂದ. ತನ್ನ ಪಟ್ಟಾಭಿಷೇಕದ ಸುದ್ದಿಯನ್ನು ಅವನು ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಮತ್ತು ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮರಿಗೆ ನೇರವಾಗಿ ಬರೆದು ತಿಳಿಸಿದ್ದನು. ಇಂಥ ಪತ್ರಗಳು ಇಟಲಿಯ ಮೂಲಕ ಬರಬೇಕೆಂಬ ಅಭಿಪ್ರಾಯದ ಉತ್ತರಗಳು ಬಂದವು. ತನ್ನ ಬಳಿಯಿದ್ದ ಅಂಹಾರಿಕ್ ಪಾಠವನ್ನು ಇಟಾಲಿಯನ್ ಪಾಠದೊಡನೆ ಹೋಲಿಸಿ ನೋಡಿದಾಗ ವ್ಯತ್ಯಾಸ ಸ್ಪಷ್ಟವಾಯಿತು. 1890ರ ಸೆಪ್ಟೆಂಬರಿನಲ್ಲಿ ಅವನು ಇಟಲಿಯ ದೊರೆ ಒಂದನೆಯ ಉಂಬೆರ್ತೊಗೆ ಪತ್ರ ಬರೆದು, ತಪ್ಪನ್ನು ತಿದ್ದಿ ಅದನ್ನು ಇತರ ರಾಷ್ಟ್ರಗಳಿಗೂ ತಿಳಿಸಬೇಕೆಂದು ಕೋರಿದನು. ಮಾತುಕತೆಗಾಗಿ ಅಂತೊನೆಲ್ಲಿ ಮತ್ತೆ ಅಡಿಸ್ ಅಬಾಬಾಕ್ಕೆ ಬಂದನು. ಇಟಲಿಯ ಘನತೆಗೆ ಕುಂದು ಬರುವುದೆಂಬ ಕಾರಣಕ್ಕೆ ಅವನು ವಿಧಿಯ ಬದಲಾವಣೆಗೆ ಒಪ್ಪಲಿಲ್ಲ. ಇಥಿಯೋಪಿಯಕ್ಕೂ ಅದರದೇ ಆದ ಘನತೆಯಿದೆ ಎಂಬುದು ತಯ್ತುವಿನ ನಿಲುವು. ಹೊಸ ಕರಡಿನ ಎರಡು ಭಾಷೆಗಳ ಪಾಠಗಳಲ್ಲಿಯೂ ಭಿನ್ನತೆ ಕಂಡುಬಂದು 1891ರ ಫೆಬ್ರವರಿಯಲ್ಲಿ ಮಾತುಕತೆ ಮುರಿದುಬಿದ್ದಿತು.

1891ರ ಏಪ್ರಿಲಿನಲ್ಲಿ ಮೆನೆಲಿಕ್ ಯುರೋಪಿನ ರಾಷ್ಟ್ರಗಳಿಗೆ ಸುತ್ತೋಲೆಯೊಂದನ್ನು ಕಳುಹಿಸಿದನು. ತನ್ನ ದೇಶದ ಎಲ್ಲೆಗಳನ್ನು ಅದರಲ್ಲಿ ವಿವರಿಸಿದನು. ದೂರದ ರಾಷ್ಟ್ರಗಳು ಆಫ್ರಿಕವನ್ನು ಹಂಚಿಕೊಳ್ಳಲು ಬಂದರೆ ತಾನು ಸುಮ್ಮನೆ ನೋಡುತ್ತ ಕೂರುವುದಿಲ್ಲವೆಂದು ತಿಳಿಸಿದನು. ಪಶ್ಚಿಮದಲ್ಲಿ ಖಾರ್ಟೂಮ್, ದಕ್ಷಿಣದಲ್ಲಿ ವಿಕ್ಟೋರಿಯಾ ಸರೋವರದವರೆಗೆ ಅವನು ಹಕ್ಕು ಸಾರಿದ್ದನು. ಅವನ ಆಡಳಿತ ಎಂದೂ ಅಷ್ಟು ದೂರ ಹೋಗಿರಲಿಲ್ಲ. ಅದೇ ಸಮಯದಲ್ಲಿ ಬ್ರಿಟನ್ ಮತ್ತು ಇಟಲಿ ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಇಥಿಯೋಪಿಯದ ಬಹುಭಾಗವನ್ನು ಇಟಲಿಯ ಪ್ರಭಾವವಲಯವೆಂದು ಗುರುತಿಸಿದವು.

ಆ ವರ್ಷಗಳಲ್ಲಿ ದೇಶದೊಳಗೆ ಭೀಕರ ಕ್ಷಾಮವಿತ್ತು. 1888ರ ಸುಮಾರಿಗೆ ಮಸ್ಸಾವದ ಕಡೆಯಿಂದ ಹರಡಿದ ದನಗಳ ದೊಡ್ಡರೋಗದಿಂದ ಎತ್ತುಗಳೆಲ್ಲ ಸತ್ತು ಬೇಸಾಯ ನಿಂತಿತು. ಮಿಡತೆ, ಅನಾವೃಷ್ಟಿ, ಸಾಂಕ್ರಾಮಿಕ ರೋಗಗಳೂ ಸೇರಿ 1892ರವರೆಗೆ ಅಸಂಖ್ಯ ಜನರು ಸತ್ತರು. ಯುದ್ಧಕ್ಕೆ ಇಳಿಯುವ ಸ್ಥಿತಿಯಲ್ಲಿಲ್ಲದ ಮೆನೆಲಿಕ್ ಕಾಲ ತಳ್ಳಿದನು. ಆ ಅವಧಿಯಲ್ಲಿ ಫ್ರಾನ್ಸ್ ಮತ್ತಿತರ ಕಡೆಗಳಿಂದ ಬಂದೂಕುಗಳನ್ನು ಕೊಂಡನು, ಸಾಲವನ್ನು ಬಡ್ಡಿ ಸಹಿತ ತೀರಿಸಿದನು. 1893ರ ಫೆಬ್ರವರಿಯಲ್ಲಿ ವುಚಾಲೆ ಒಪ್ಪಂದವನ್ನು ರದ್ದುಪಡಿಸಿರುವುದಾಗಿ ರಾಷ್ಟ್ರಗಳಿಗೆ ತಿಳಿಸಿದನು.

ಅದ್ವಾ ಕದನ

1895ರ ಆರಂಭದಲ್ಲಿ ಎರಿಟ್ರಿಯದ ರಾಜ್ಯಪಾಲ ಜನರಲ್ ಒರೆಸ್ತೆ ಬರಾತಿಯೇರಿ ತಿಗ್ರಾಯ್ ಪ್ರಾಂತ್ಯದೊಳಗೆ ನುಗ್ಗಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೆನೆಲಿಕ್ ದೇಶದ ಜನರಿಗೆ ಯುದ್ಧಕ್ಕೆ ಕರೆ ನೀಡಿದನು. ಹಿಂದೆ ಅವನ ಎದುರಾಳಿಗಳಾಗಿದ್ದ ಗೊಜ್ಜಾಮಿನ ತೆಕ್ಲೆ ಹೈಮಾನೊತ್, ತಿಗ್ರಾಯಿನ ಮೆಂಗೆಶಾ, ರಾಸ್ ಅಲುಲಾ ಎಲ್ಲರೂ ತಂತಮ್ಮ ಪಡೆಗಳೊಡನೆ ಬಂದು ಸೇರಿದರು. ಕಲಹಗಳಿಂದ ದೇಶ ಒಡೆದುಹೋಗುವುದೆಂಬ ಇಟಲಿಯ ಲೆಕ್ಕ ತಪ್ಪಿತು. ಡಿಸೆಂಬರ್ 7ರಂದು ಅಂಬಾ ಅಲಾಗಿಯಲ್ಲಿ ಇಟಲಿಯ ಮುಂಪಡೆ ಸೋತಿತು. ಮೆಕೆಲೆ ಕೋಟೆಯ ಮುತ್ತಿಗೆಯಲ್ಲಿ ಕೋಟೆಯೊಳಗಿನವರಿಗೆ ನೀರು ಸಿಗದಂತೆ ತಡೆಯುವ ಉಪಾಯವನ್ನು ತಯ್ತು ಕಾರ್ಯಗತಗೊಳಿಸಿದಳು. ಕೋಟೆ ಶರಣಾದ ಮೇಲೆ ಅಲ್ಲಿದ್ದ ಸೈನಿಕರನ್ನು ಮೆನೆಲಿಕ್ ಕೊಲ್ಲದೆ ಹೋಗಗೊಟ್ಟನು.

1896ರ ಫೆಬ್ರವರಿಯ ಕೊನೆಯಲ್ಲಿ ಎರಡೂ ಸೈನ್ಯಗಳು ಅದ್ವಾ ಪಟ್ಟಣದ ಬಳಿ ಎದುರುಬದುರಾದವು. ಇಥಿಯೋಪಿಯದ ಕಡೆ ಸುಮಾರು ಒಂದು ಲಕ್ಷ ಯೋಧರಿದ್ದರು. ಇಟಲಿಯ ಕಡೆ ಎರಿಟ್ರಿಯದ ಅಸ್ಕರಿ ಸೈನಿಕರೂ ಸೇರಿ ಸುಮಾರು 17,700 ಜನರು ಮತ್ತು 56 ಫಿರಂಗಿಗಳಿದ್ದವು. ಎರಡೂ ಕಡೆ ಆಹಾರ ಮುಗಿಯುತ್ತಿತ್ತು. ಪ್ರಧಾನಿ ಫ್ರಾಂಚೆಸ್ಕೊ ಕ್ರಿಸ್ಪಿ ರೋಮಿನಿಂದ ಒತ್ತಡ ಹೇರುತ್ತಿದ್ದನು. ಬರಾತಿಯೇರಿ ತನ್ನ ಸೈನ್ಯವನ್ನು ರಾತ್ರಿಯಲ್ಲಿ ಮುಂದಕ್ಕೆ ನಡೆಸಿದನು. ಭೂಪಟ ಸರಿಯಿಲ್ಲದ ಕಾರಣ ಜನರಲ್ ಅಲ್ಬೆರ್ತೊನೆಯ ದಳವು ಬೇರೊಂದು ಬೆಟ್ಟವನ್ನು ಗುರಿಯೆಂದು ಭಾವಿಸಿ ಬಹಳ ಮುಂದೆ ಹೋಗಿಬಿಟ್ಟಿತು. ಮಾರ್ಚ್ 1ರ ಬೆಳಗಿನ ಜಾವ ಆರಂಭವಾದ ಕದನದಲ್ಲಿ ಚದುರಿಹೋಗಿದ್ದ ಇಟಲಿಯ ದಳಗಳನ್ನು ಇಥಿಯೋಪಿಯನ್ನರು ಒಂದೊಂದಾಗಿ ಸುತ್ತುವರಿದು ಸೋಲಿಸಿದರು. ಜನರಲ್ ದಾಬೊರ್ಮಿದಾ ಮತ್ತು ಜನರಲ್ ಅರಿಮೊಂದಿ ಹತರಾದರು. ಅಲ್ಬೆರ್ತೊನೆ ಸೆರೆಸಿಕ್ಕನು.

ಇಟಲಿಯ ಕಡೆ ಸುಮಾರು 6,000 ಜನರು ಸತ್ತರು. ಇಥಿಯೋಪಿಯದ ಕಡೆಯೂ ಸಾವಿನ ಸಂಖ್ಯೆ 4,000ಕ್ಕಿಂತ ಹೆಚ್ಚೆಂಬ ಅಂದಾಜಿದೆ. ಸೆರೆಯಾದ ಇಟಾಲಿಯನ್ನರನ್ನು ಒಟ್ಟಿನಲ್ಲಿ ಚೆನ್ನಾಗಿ ನೋಡಿಕೊಳ್ಳಲಾಯಿತು. ಆದರೆ ಸೆರೆಸಿಕ್ಕ ಸುಮಾರು 800 ಎರಿಟ್ರಿಯನ್ ಅಸ್ಕರಿಗಳನ್ನು ರಾಜದ್ರೋಹಿಗಳೆಂದು ಪರಿಗಣಿಸಿ ಅವರ ಬಲಗೈ ಮತ್ತು ಎಡಗಾಲನ್ನು ಕತ್ತರಿಸಲಾಯಿತು. ಇದು ಅಂದಿನ ದೇಶಾಚಾರದ ಶಿಕ್ಷೆಯಾದರೂ ಈ ವಿಜಯದ ಕರಾಳ ಭಾಗವಾಗಿ ಉಳಿದಿದೆ. ಸೋಲಿನ ಸುದ್ದಿಯಿಂದ ಇಟಲಿಯಲ್ಲಿ ಗಲಭೆಗಳಾಗಿ ಕ್ರಿಸ್ಪಿಯ ಸರ್ಕಾರ ರಾಜೀನಾಮೆ ನೀಡಿತು.

ಅಡಿಸ್ ಅಬಾಬಾ ಒಪ್ಪಂದ

1896ರ ಅಕ್ಟೋಬರ್ 26ರಂದು ಅಡಿಸ್ ಅಬಾಬಾದಲ್ಲಿ ಶಾಂತಿ ಒಪ್ಪಂದವಾಯಿತು. ವುಚಾಲೆ ಒಪ್ಪಂದವು ಸಂಪೂರ್ಣವಾಗಿ ರದ್ದಾಯಿತು. ಇಥಿಯೋಪಿಯ ಸಂಪೂರ್ಣ ಸ್ವತಂತ್ರ ಮತ್ತು ಸಾರ್ವಭೌಮ ರಾಷ್ಟ್ರವೆಂದು ಇಟಲಿ ಒಪ್ಪಿಕೊಂಡಿತು. ಗಡಿಯು ಮುಂದೆ ನಿಷ್ಕರ್ಷೆಯಾಗುವವರೆಗೆ ಮರೆಬ್, ಬೆಲೆಸಾ ಮತ್ತು ಮುನಾ ನದಿಗಳ ರೇಖೆಯನ್ನು ಇಬ್ಬರೂ ಮನ್ನಿಸಬೇಕೆಂದಾಯಿತು. ಯುದ್ಧಕೈದಿಗಳ ಬಿಡುಗಡೆಯಾಯಿತು. ಅವರ ಪೋಷಣೆಯ ವೆಚ್ಚವಾಗಿ ಇಟಲಿಯು ಒಂದು ಕೋಟಿ ಲೀರಾ ತೆರಲು ಒಪ್ಪಿತು.

ಗೆದ್ದ ಮೆನೆಲಿಕ್ ಎರಿಟ್ರಿಯವನ್ನು ಮರಳಿ ಪಡೆಯಲು ಏಕೆ ಮುಂದುವರಿಯಲಿಲ್ಲ ಎಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ. ಅವನ ಸೈನ್ಯ ದಣಿದಿತ್ತು, ದವಸ ಮುಗಿದಿತ್ತು, ಕ್ಷಾಮದಿಂದ ಬಡವಾಗಿದ್ದ ತಿಗ್ರಾಯ್ ಪ್ರಾಂತ್ಯವು ಅಷ್ಟು ದೊಡ್ಡ ದಂಡನ್ನು ಸಾಕಲಾರದಾಗಿತ್ತು. ಮುನ್ನುಗ್ಗಿದರೆ ಇಟಲಿ ಇನ್ನೂ ದೊಡ್ಡ ಸೈನ್ಯ ಕಳುಹಿಸಬಹುದಾಗಿತ್ತು. ಉತ್ತರದ ತಿಗ್ರಾಯ್ ಪ್ರಾಬಲ್ಯ ಮತ್ತೆ ಬೆಳೆಯದಿರಲೆಂಬ ಶೋವಾದ ಎಣಿಕೆಯೂ ಇದರ ಹಿಂದಿತ್ತೆಂದು ಕೆಲವರು ಅಭಿಪ್ರಾಯಪಡುತ್ತಾರೆ. ಪರಿಣಾಮವಾಗಿ ಒಂದೇ ಭಾಷೆ, ಒಂದೇ ಧರ್ಮದ ತಿಗ್ರಿನ್ಯಾ ಜನರ ನಡುವೆ ಮರೆಬ್ ನದಿಯು ಎರಡು ರಾಜ್ಯಗಳ ಗಡಿಯಾಯಿತು. ಇಥಿಯೋಪಿಯಕ್ಕೆ ಸಮುದ್ರತೀರ ದೊರೆಯಲಿಲ್ಲ.

ಗಡಿ ಒಪ್ಪಂದಗಳು

ಅದ್ವಾ ಕದನದ ನಂತರ ಯುರೋಪಿನ ರಾಷ್ಟ್ರಗಳು ಅಡಿಸ್ ಅಬಾಬಾಕ್ಕೆ ದೂತರನ್ನು ಕಳುಹಿಸಿದವು. ಹನ್ನೆರಡು ವರ್ಷಗಳೊಳಗೆ ಸುತ್ತಲಿನ ಎಲ್ಲ ವಸಾಹತುಗಳೊಂದಿಗೂ ಗಡಿಯ ಮಾತುಕತೆ ನಡೆಯಿತು.

1897ರ ಮಾರ್ಚಿನಲ್ಲಿ ಫ್ರಾನ್ಸಿನೊಂದಿಗೆ ಮಾಡಿಕೊಂಡ ಒಪ್ಪಂದವು ಇಂದಿನ ಜಿಬೂತಿಯ ಗಡಿಯನ್ನು ನಿರ್ಧರಿಸಿತು. ಅದೇ ವರ್ಷದ ಮೇ 14ರಂದು ಬ್ರಿಟಿಷ್ ದೂತ ರೆನೆಲ್ ರಾಡ್‌ನೊಂದಿಗೆ ಆದ ಒಪ್ಪಂದದಲ್ಲಿ ಬ್ರಿಟಿಷ್ ಸೊಮಾಲಿಲ್ಯಾಂಡಿನ ಗಡಿ ಹಿಂದಕ್ಕೆ ಸರಿಯಿತು. ಹೌದ್ ಎಂಬ ಹುಲ್ಲುಗಾವಲಿನ ದೊಡ್ಡ ಭಾಗ ಇಥಿಯೋಪಿಯಕ್ಕೆ ಸೇರಿತು. ಗಡಿಯ ಎರಡೂ ಕಡೆಯ ದನಗಾಹಿಗಳು ಮೇವು ಮತ್ತು ನೀರಿಗಾಗಿ ಆಚೀಚೆ ಓಡಾಡಬಹುದೆಂಬ ಷರತ್ತು ಅದರಲ್ಲಿತ್ತು. ಮಾತುಕತೆಯಲ್ಲಿ ಸೊಮಾಲಿ ಜನರ ಪ್ರತಿನಿಧಿಗಳು ಯಾರೂ ಇರಲಿಲ್ಲ.

1900ರ ಜುಲೈ 10ರ ಒಪ್ಪಂದವು ಎರಿಟ್ರಿಯದ ಗಡಿಯ ಮಧ್ಯಭಾಗವನ್ನು ಮರೆಬ್–ಬೆಲೆಸಾ–ಮುನಾ ರೇಖೆಯ ಮೇಲೆಯೇ ಖಾಯಂಗೊಳಿಸಿತು. 1902ರ ಮೇ 15ರಂದು ಬ್ರಿಟನ್ನಿನೊಂದಿಗೆ ಆದ ಒಪ್ಪಂದವು ಸೂಡಾನಿನ ಗಡಿಯನ್ನು ಗೊತ್ತುಪಡಿಸಿತು. ಬ್ರಿಟನ್ ಮತ್ತು ಸೂಡಾನ್ ಸರ್ಕಾರಗಳ ಒಪ್ಪಿಗೆಯಿಲ್ಲದೆ ನೀಲಿ ನೈಲ್, ತಾನಾ ಸರೋವರ ಅಥವಾ ಸೊಬಾತ್ ನದಿಯ ನೀರಿನ ಹರಿವನ್ನು ತಡೆಯುವ ಕಟ್ಟಡಗಳನ್ನು ಕಟ್ಟುವುದಿಲ್ಲವೆಂದು ಮೆನೆಲಿಕ್ ಅದರಲ್ಲಿ ಮಾತು ಕೊಟ್ಟನು. 1907ರಲ್ಲಿ ಇಂದಿನ ಕೆನ್ಯದ ಗಡಿಯ ಒಪ್ಪಂದವಾಯಿತು.

ಇಟಾಲಿಯನ್ ಸೊಮಾಲಿಲ್ಯಾಂಡಿನ ಗಡಿಯ ಕಥೆ ಬೇರೆಯಾಗಿತ್ತು. 1897ರಲ್ಲಿ ಇಟಲಿಯ ದೂತ ನೆರಾತ್ಸಿನಿ ಮತ್ತು ಮೆನೆಲಿಕ್ ಭೂಪಟವೊಂದರ ಮೇಲೆ ರೇಖೆ ಎಳೆದು ಒಪ್ಪಿದ್ದರು. ಆ ಭೂಪಟದ ಪ್ರತಿಗಳು ಮುಂದೆ ಕಳೆದುಹೋದವು. 1908ರ ಮೇ 16ರಂದು ಇಟಲಿ 30 ಲಕ್ಷ ಲೀರಾ ಕೊಟ್ಟು ಹೊಸ ಒಪ್ಪಂದ ಮಾಡಿಕೊಂಡಿತು. ಅದು ಗಡಿಯನ್ನು ಬುಡಕಟ್ಟುಗಳ ನೆಲೆಯ ಆಧಾರದಲ್ಲಿ ಅಸ್ಪಷ್ಟವಾಗಿ ವಿವರಿಸಿತು. ನೆಲದ ಮೇಲೆ ಗಡಿಕಲ್ಲುಗಳನ್ನು ನೆಡುವ ಕೆಲಸ ಮುಗಿಯಲೇ ಇಲ್ಲ.

1906ರ ಡಿಸೆಂಬರಿನಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಇಟಲಿ ಸೇರಿ ತ್ರಿಪಕ್ಷೀಯ ಒಪ್ಪಂದ ಮಾಡಿಕೊಂಡವು. ಅದು ಇಥಿಯೋಪಿಯದ ಅಖಂಡತೆಯನ್ನು ಕಾಯುವುದಾಗಿ ಹೇಳುತ್ತಲೇ, ದೇಶ ಛಿದ್ರವಾದರೆ ಯಾರ ಹಿತಾಸಕ್ತಿ ಎಲ್ಲಿ ಎಂಬುದನ್ನು ಹಂಚಿತ್ತು. ಮೆನೆಲಿಕನನ್ನು ಯಾರೂ ಕೇಳಿರಲಿಲ್ಲ. ಅವನು ವಿಷಯವನ್ನು ಗಮನಿಸಿರುವುದಾಗಿಯೂ ಅದರಿಂದ ತನ್ನ ಸಾರ್ವಭೌಮತ್ವಕ್ಕೆ ಯಾವ ಮಿತಿಯೂ ಬಾರದೆಂದೂ ಉತ್ತರಿಸಿದನು.

ರಾಜ್ಯ ವಿಸ್ತರಣೆ

ಮೆನೆಲಿಕ್ ಕೇವಲ ಆಕ್ರಮಣವನ್ನು ತಡೆದ ಅರಸನಲ್ಲ, ತಾನೂ ವಿಸ್ತರಿಸಿದ ಅರಸ. ಅರ್ಸಿ ಒರೊಮೊ ಜನರ ನಾಡು, 1894ರಲ್ಲಿ ವೊಲಾಯ್ತಾ, 1897ರಲ್ಲಿ ಕಾಫಾ ಮುಂತಾದ ರಾಜ್ಯಗಳು ಅವನ ಸೇನಾನಿಗಳ ವಶವಾದವು. ಶರಣಾದ ಜಿಮ್ಮಾದ ಅರಸ ಎರಡನೆಯ ಅಬ್ಬಾ ಜಿಫಾರನಂಥವರಿಗೆ ಒಳಾಡಳಿತದ ಸ್ವಾತಂತ್ರ್ಯ ಉಳಿಯಿತು. ಎದುರಿಸಿದ ನಾಡುಗಳಲ್ಲಿ ಅಪಾರ ಸಾವುನೋವು ಸಂಭವಿಸಿತು. ಗೆದ್ದ ಪ್ರದೇಶಗಳಲ್ಲಿ ಉತ್ತರದ ಸೈನಿಕರನ್ನು ನೆಲೆಗೊಳಿಸಿ, ಅವರ ಪೋಷಣೆಯ ಹೊಣೆಯನ್ನು ಗೆಬ್ಬಾರ್ ಎಂಬ ಪದ್ಧತಿಯ ಮೂಲಕ ಸ್ಥಳೀಯ ರೈತರ ಮೇಲೆ ಹೊರಿಸಲಾಯಿತು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಆಜ್ಞೆಗಳು ಹೊರಟರೂ ಅದು ನಿಲ್ಲಲಿಲ್ಲ. ಆದ್ದರಿಂದ ಇಥಿಯೋಪಿಯದ ಒಂದು ವರ್ಗಕ್ಕೆ ಮೆನೆಲಿಕ್ ರಾಷ್ಟ್ರನಿರ್ಮಾಪಕ. ಒರೊಮೊ ಮತ್ತು ದಕ್ಷಿಣದ ಅನೇಕರಿಗೆ ಅವನು ತಮ್ಮ ನೆಲವನ್ನು ಕಸಿದುಕೊಂಡ ವಿಜೇತ.

ಆಧುನೀಕರಣ

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಇಲ್ಗ್ ಮೆನೆಲಿಕನ ಸಲಹೆಗಾರನಾಗಿದ್ದನು. 1894ರಲ್ಲಿ ದೇಶದ ಮೊದಲ ಅಂಚೆಚೀಟಿಗಳು ಮತ್ತು ಮೆನೆಲಿಕನ ಮುದ್ರೆಯ ನಾಣ್ಯಗಳು ಬಂದವು. ಅದೇ ವರ್ಷ ಜಿಬೂತಿಯಿಂದ ರೈಲುಮಾರ್ಗ ಹಾಕುವ ಪರವಾನಗಿಯನ್ನು ನೀಡಲಾಯಿತು. ಅದು 1902ರಲ್ಲಿ ದಿರೆ ದಾವಾವನ್ನು ತಲುಪಿತು. ಅಡಿಸ್ ಅಬಾಬಾ ಮುಟ್ಟಿದ್ದು ಮೆನೆಲಿಕನ ನಿಧನಾನಂತರ, 1917ರಲ್ಲಿ. ತಂತಿ ಮತ್ತು ದೂರವಾಣಿ ಸಂಪರ್ಕ, ಬ್ಯಾಂಕ್ ಆಫ್ ಅಬಿಸೀನಿಯ, 1907ರಲ್ಲಿ ಮಂತ್ರಿಮಂಡಲ, 1908ರಲ್ಲಿ ಅವನ ಹೆಸರಿನ ಶಾಲೆ ಸ್ಥಾಪನೆಯಾದವು. ರಾಜಧಾನಿಯ ಸುತ್ತ ಸೌದೆಯ ಅಭಾವ ಉಂಟಾದಾಗ ನೀಲಗಿರಿ ಮರಗಳನ್ನು ನೆಡಿಸಲಾಯಿತು.

ಕೊನೆಯ ವರ್ಷಗಳು

1906ರ ಸುಮಾರಿನಿಂದ ಮೆನೆಲಿಕನ ಆರೋಗ್ಯ ಕೆಡತೊಡಗಿತು. 1909ರಲ್ಲಿ ಅವನು ಮಗಳ ಮಗನಾದ ಲಿಜ್ ಇಯಾಸುವನ್ನು ಉತ್ತರಾಧಿಕಾರಿಯೆಂದು ಘೋಷಿಸಿದನು. ಅದೇ ವರ್ಷ ಪಾರ್ಶ್ವವಾಯು ತೀವ್ರವಾಗಿ ಮಾತೂ ನಿಂತಿತು. ತಯ್ತು ಅಧಿಕಾರ ನಡೆಸಿದಳು. 1910ರಲ್ಲಿ ಶೋವಾದ ಪ್ರಮುಖರು ಅವಳನ್ನು ರಾಜ್ಯಭಾರದಿಂದ ದೂರ ಸರಿಸಿದರು. 1913ರ ಡಿಸೆಂಬರ್ 12ರಂದು ಮೆನೆಲಿಕ್ ಮರಣ ಹೊಂದಿದನು. ಗಲಭೆಯ ಭಯದಿಂದ ಸಾವಿನ ಸುದ್ದಿಯನ್ನು ಬಹುಕಾಲ ಗುಟ್ಟಾಗಿಡಲಾಯಿತು. ಅವನ ಸಮಾಧಿ ಅಡಿಸ್ ಅಬಾಬಾದಲ್ಲಿದೆ. 1916ರಲ್ಲಿ ಇಯಾಸು ಪದಚ್ಯುತನಾದ ಮೇಲೆ ಮೆನೆಲಿಕನ ಮಗಳು ಜೆವ್ದಿತು ಸಾಮ್ರಾಜ್ಞಿಯಾದಳು. ರಾಸ್ ಮಕೊನ್ನೆನನ ಮಗ ತಫಾರಿ 1930ರಲ್ಲಿ ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದನು.

ಒಪ್ಪಂದಗಳ ನಂತರದ ಪರಿಣಾಮ

1896ರಲ್ಲಿ ದೊರೆತ ಮನ್ನಣೆಯಿಂದಾಗಿ ಇಥಿಯೋಪಿಯವು 1923ರಲ್ಲಿ ರಾಷ್ಟ್ರಸಂಘದ ಸದಸ್ಯತ್ವ ಪಡೆಯಿತು. ಆದರೆ 1908ರ ಒಪ್ಪಂದದಲ್ಲಿ ಅಸ್ಪಷ್ಟವಾಗಿ ಉಳಿದ ಗಡಿಯ ಬಳಿ, ವಲ್ವಲ್ ಎಂಬಲ್ಲಿ 1934ರ ಡಿಸೆಂಬರಿನಲ್ಲಿ ನಡೆದ ಘರ್ಷಣೆಯನ್ನು ನೆಪ ಮಾಡಿಕೊಂಡು ಮುಸ್ಸೊಲಿನಿಯ ಇಟಲಿ 1935ರಲ್ಲಿ ದಾಳಿ ಮಾಡಿತು. 1936ರಿಂದ 1941ರವರೆಗೆ ದೇಶ ಇಟಲಿಯ ವಶದಲ್ಲಿತ್ತು. ಬ್ರಿಟಿಷ್ ಆಡಳಿತದಲ್ಲಿದ್ದ ಹೌದ್ ಪ್ರದೇಶವು 1897ರ ಒಪ್ಪಂದದ ಆಧಾರದ ಮೇಲೆ 1954ರ ಒಡಂಬಡಿಕೆಯಂತೆ ಇಥಿಯೋಪಿಯಕ್ಕೆ ಮರಳಿತು. ಈ ರೇಖೆಯನ್ನು ಸ್ವತಂತ್ರ ಸೊಮಾಲಿಯ ಒಪ್ಪಲಿಲ್ಲ. 1977–78ರಲ್ಲಿ ಒಗಾಡೆನ್ ಯುದ್ಧ ನಡೆಯಿತು.

1993ರಲ್ಲಿ ಎರಿಟ್ರಿಯ ಸ್ವತಂತ್ರ ರಾಷ್ಟ್ರವಾದ ಮೇಲೆ ಬಾದ್ಮೆ ಪಟ್ಟಣದ ಸುತ್ತಲಿನ ಗಡಿಗಾಗಿ 1998ರಿಂದ 2000ದವರೆಗೆ ಎರಡೂ ದೇಶಗಳು ಯುದ್ಧ ಮಾಡಿದವು. ಲಕ್ಷಾಂತರ ಜನರು ಮನೆಮಾರು ತೊರೆಯಬೇಕಾಯಿತು. ಅಲ್ಜಿಯರ್ಸ್ ಒಪ್ಪಂದದಂತೆ ರಚಿತವಾದ ಗಡಿ ಆಯೋಗವು 1900, 1902 ಮತ್ತು 1908ರ ಒಪ್ಪಂದಗಳನ್ನೇ ಆಧಾರವಾಗಿಟ್ಟುಕೊಂಡು 2002ರ ಏಪ್ರಿಲ್ 13ರಂದು ತೀರ್ಪು ನೀಡಿತು. ಅದರಂತೆ ಬಾದ್ಮೆ ಎರಿಟ್ರಿಯಕ್ಕೆ ಸೇರಿತು. ತೀರ್ಪನ್ನು ಪೂರ್ಣವಾಗಿ ಒಪ್ಪುವುದಾಗಿ ಇಥಿಯೋಪಿಯ ಹೇಳಿದ್ದು 2018ರಲ್ಲಿ. 2011ರಲ್ಲಿ ನೀಲಿ ನೈಲ್ ನದಿಗೆ ಅಡ್ಡಲಾಗಿ ಇಥಿಯೋಪಿಯ ಮಹಾ ಅಣೆಕಟ್ಟಿನ ಕೆಲಸ ಆರಂಭಿಸಿದಾಗ 1902ರ ಒಪ್ಪಂದವು ಮತ್ತೆ ಚರ್ಚೆಗೆ ಬಂದಿತು. ಈಜಿಪ್ಟ್ ಅದನ್ನು ತನ್ನ ವಾದಕ್ಕೆ ಆಧಾರವಾಗಿ ಉಲ್ಲೇಖಿಸುತ್ತದೆ. ವಸಾಹತು ಕಾಲದ ಆ ಕಟ್ಟಳೆ ತನ್ನನ್ನು ಬಂಧಿಸದು ಎಂಬುದು ಇಥಿಯೋಪಿಯದ ವಾದ.

ಸ್ಮರಣೆ

ಅದ್ವಾ ವಿಜಯದ ದಿನವು ಇಥಿಯೋಪಿಯದಲ್ಲಿ ರಾಷ್ಟ್ರೀಯ ರಜಾದಿನ. ಅಡಿಸ್ ಅಬಾಬಾದಲ್ಲಿರುವ ಮೆನೆಲಿಕನ ಅಶ್ವಾರೂಢ ಪ್ರತಿಮೆಯನ್ನು 1930ರಲ್ಲಿ ಅನಾವರಣ ಮಾಡಲಾಯಿತು. ಇಟಲಿಯ ಆಡಳಿತ 1936ರಲ್ಲಿ ಅದನ್ನು ಕೀಳಿಸಿತು. ವಿಮೋಚನೆಯ ನಂತರ ಪ್ರತಿಮೆಯನ್ನು ಮರಳಿ ಅದರ ಸ್ಥಾನದಲ್ಲಿ ನಿಲ್ಲಿಸಲಾಯಿತು.